ಬಾಗುವ ಜಪಾನಿಯೂ ಬಾಗದ ನನ್ನ ಬೆನ್ನೂ

ತಪ್ಪು ಮಾಡದೆ ಬದುಕುವುದು ಜನರು ತಿಳಿದಿರುವಷ್ಟು ಕಷ್ಟದ ಕೆಲಸವಲ್ಲ. ಇತರರ ತಪ್ಪುಗಳನ್ನು ಶ್ರದ್ಧೆಯಿಂದ ಹುಡುಕುತ್ತಿದ್ದರೆ ಸಾಕು; ಸ್ವಂತದ ತಪ್ಪಿಗೆ ವೇಳೆಯೇ ಉಳಿಯುವುದಿಲ್ಲ. ಧಾರವಾಡದ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕನ್ನಡ ಕಲಿಸುತ್ತ ನಾನು ಈ ಸೂತ್ರವನ್ನು ಚಾಚೂ ತಪ್ಪದೆ ಪಾಲಿಸಿದೆ. ಐವತ್ತಮೂರನೆಯ ವಯಸ್ಸಿಗೆ ಸ್ವಯಂನಿವೃತ್ತಿ ಪಡೆದಾಗ ಶಾಲೆಯವರು ನನಗೊಂದು ಶಾಲು ಹೊದಿಸಿ ಬೀಳ್ಕೊಟ್ಟರು. ನನ್ನ ಕೆಂಪು ಪೆನ್ನನ್ನು ಮಾತ್ರ ಮರಳಿ ಕೇಳಲು ಮರೆತರು. ಅಂದಿನಿಂದ ಅದು ದವಾಖಾನೆಯ ಫಲಕ, ಹಾಲಿನ ಪಾಕೀಟು, ಬೀಗರ ಪತ್ರ ಎಂಬ ಭೇದವಿಲ್ಲದೆ ಓಡಾಡುತ್ತಿದೆ. ಅದಕ್ಕೊಂದು ಸಾರ್ವಜನಿಕ ಉಪಯೋಗವೂ ಒದಗಿತು. ನಮ್ಮ ಓಣಿಯಲ್ಲಿ ಯಾರ ಮನೆಯ ಮದುವೆಯಾದರೂ ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲು ನನ್ನ ಮೇಜಿಗೆ ಬರುತ್ತದೆ. 'ಸರ್ ನೋಡ್ಯಾರಂದ್ರ ಮುಗೀತು, ಇನ್ನ ಶಿವನೂ ನೋಡೂದು ಬ್ಯಾಡ' ಎಂಬುದು ಓಣಿಯ ನಂಬಿಕೆ. ಅದನ್ನು ತಿದ್ದಬೇಕೆಂದು ನನಗೆ ಎಂದೂ ಅನ್ನಿಸಿರಲಿಲ್ಲ.

ನನ್ನ ಸ್ವಭಾವದ ಇನ್ನೊಂದು ಅಂಗವನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಬೇಕಾಗುತ್ತದೆ. ನನಗೆ ಎಲ್ಲವೂ ಕ್ರಮದಲ್ಲಿರಬೇಕು. ಒಮ್ಮೆ ಒಂಬತ್ತನೆಯ ಇಯತ್ತೆಯ ಮೈಲಾರಿ ಎಂಬ ಹುಡುಗ ವಾರ್ಷಿಕ ಪರೀಕ್ಷೆಯಲ್ಲಿ ಏಳನೆಯ ಪ್ರಶ್ನೆಯ ಉತ್ತರವನ್ನು ಒಂದನೆಯದಕ್ಕಿಂತ ಮೊದಲು ಬರೆದಿದ್ದ. ಉತ್ತರ ಸರಿಯಾಗಿತ್ತು, ಕ್ರಮ ತಪ್ಪಿತ್ತು. ಒಂದು ಅಂಕ ಕಳೆದೆ. ಮೂವತ್ತೈದಕ್ಕೆ ಪಾಸು, ಅವನದು ಮೂವತ್ತನಾಲ್ಕಕ್ಕೆ ನಿಂತಿತು. ಅವನ ತಂದೆ ಬಂದು ಕೈಜೋಡಿಸಿ, "ಸರ್, ಒಂದ ಮಾರ್ಕಿನ ಸಲುವಾಗಿ ಹುಡುಗಂದು ವರ್ಷ ಹೋಗತೈತ್ರಿ" ಎಂದರು. "ಇದು ಒಂದು ಅಂಕದ ಪ್ರಶ್ನೆಯಲ್ಲ, ಕ್ರಮದ ಪ್ರಶ್ನೆ" ಎಂದು ನಾನು ಹೇಳಿದೆ. ಆ ವಾಕ್ಯ ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಸಂಜೆ ಮನೆಗೆ ಬಂದು ಹೆಂಡತಿಯ ಮುಂದೆ ಇನ್ನೊಮ್ಮೆ ಹೇಳಿದ್ದೆ. ಅವಳು ಒಲೆಯ ಕಡೆಗೆ ತಿರುಗಿ, "ಪಾಪ, ಹುಡುಗ" ಎಂದಷ್ಟೇ ಅಂದಿದ್ದಳು.

ಇಂಥ ನನ್ನ ಬಾಳಿನಲ್ಲಿ ಒಬ್ಬ ಜಪಾನಿ ಫುಟ್‌ಬಾಲ್ ಆಟಗಾರ ಬಂದು ಸೇರಿದ್ದು ಹೀಗೆ. ನನ್ನ ಹೆಂಡತಿ ಶಕುಂತಲಾ ಮಧ್ಯಾಹ್ನ ಊಟವಾದ ಮೇಲೆ ಓಣಿಯವರ ಸೀರೆಗಳಿಗೆ ಫಾಲ್ ಹಚ್ಚುತ್ತಾಳೆ. ನಾಲ್ಕು ಗಂಟೆಗೆ ಚಹಾ ಮಾಡುತ್ತಾಳೆ. ಆ ಚಹಾದ ಹೊತ್ತಿನಲ್ಲಿ ನಾನು ಅಂದು ಬರೆದುದನ್ನು ಓದುವುದು, ಅವಳು ಸೂಜಿಗೆ ದಾರ ಪೋಣಿಸುತ್ತ ಕೇಳುವುದು, ನಮ್ಮ ಮನೆಯ ಪದ್ಧತಿ. ಮೆಚ್ಚಿದರೆ "ಛಲೋ ಐತಿ" ಎನ್ನುತ್ತಾಳೆ. ಮೆಚ್ಚದಿದ್ದರೆ "ಚಹಾ ಆರತೈತಿ" ಎನ್ನುತ್ತಾಳೆ. ಒಂದು ದಿನ ನಾನು ಕಾಗದ ಬಿಚ್ಚಿ ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಅವಳು ಕೈಯೆತ್ತಿ, "ತಡೀರಿ, ಜಪಾನ್ ಕಾಕಾ ಬರೂ ಹೊತ್ತಾತು" ಎಂದಳು. ದಾರದ ಡಬ್ಬಿಗೆ ಮೊಬೈಲು ಒರಗಿತ್ತು. ಅದರಲ್ಲಿ ನರೆತ ಕೂದಲಿನ, ತಲೆಗೆ ಟೋಪಿ ಹಾಕಿದ ಒಬ್ಬ ಸಣಕಲು ಮನುಷ್ಯ ಒಂದು ಖಾಲಿ ಮೈದಾನದಲ್ಲಿ ಚೆಂಡಿಟ್ಟು ನಿಂತಿದ್ದ.

ಆತ ಹಿಂದೆ ಅವರ ದೇಶದ ದೊಡ್ಡ ಆಟಗಾರನಂತೆ. ಒಂದು ಮುಖ್ಯ ಪಂದ್ಯದ ಕೊನೆಯಲ್ಲಿ ಎದುರಿಗೆ ಗೋಲ್‌ಕೀಪರನೊಬ್ಬನೇ ಇದ್ದಾಗ ಹೊಡೆದ ಚೆಂಡು ಹೊರಗೆ ಹೋಯಿತಂತೆ, ದೇಶ ಸೋತಿತಂತೆ. ಆಟ ಬಿಟ್ಟು ಎಷ್ಟೋ ವರ್ಷಗಳ ಮೇಲೆ ಈಗ ಅವನು ದಿನಾಲು ತನ್ನೂರಿನ ಮೈದಾನಕ್ಕೆ ಹೋಗಿ, ಅದೇ ದೂರದಿಂದ ಒಂದೇ ಒಂದು ಸಲ ಚೆಂಡು ಒದೆಯುತ್ತಾನೆ. ಒಳಗೆ ಹೋದರೆ ಚೆಂಡನ್ನು ಎತ್ತಿಕೊಂಡು ಸುಮ್ಮನೆ ಹೊರಡುತ್ತಾನೆ. ಹೊರಗೆ ಹೋದರೆ ಟೋಪಿ ತೆಗೆದು, ಗೋಲ್ ಕಂಬದ ಕಡೆಗೆ ಸೊಂಟದಿಂದ ಬಾಗಿ, ಐದು ಎಣಿಸುವಷ್ಟು ಹೊತ್ತು ಹಾಗೆಯೇ ನಿಲ್ಲುತ್ತಾನೆ. ಮುಗಿಯಿತು. ಮಾತಿಲ್ಲ, ಪಾಠವಿಲ್ಲ, ಪೀಠಿಕೆ ಇಲ್ಲ, ಉಪಸಂಹಾರವಿಲ್ಲ. ಇದನ್ನು ಲಕ್ಷಗಟ್ಟಲೆ ಜನ ನೋಡುತ್ತಾರೆ.

ಅವರಲ್ಲಿ ಅರ್ಧದಷ್ಟು ಜನ ಹುಬ್ಬಳ್ಳಿ-ಧಾರವಾಡದವರೇ ಇರಬೇಕೆಂದು ನನ್ನ ಗುಮಾನಿ. ಹಾಲಿನವನು ಕ್ಯಾನಿನ ಮೇಲೆ ಮೊಬೈಲಿಟ್ಟು ನೋಡುತ್ತಿದ್ದ. ಬ್ಯಾಂಕಿನ ಕೌಂಟರಿನಲ್ಲಿದ್ದ ಹೆಣ್ಣುಮಗಳು, "ಸರ್, ಒಂದ ನಿಮಿಷ, ಒದಿಯಾಕ ಬಂದಾನ" ಎಂದಾಗ ನಾನು ಹೆದರಿ ಹಿಂದೆ ಸರಿದಿದ್ದೆ. ಆ ಜಪಾನಿಯ ವಿಡಿಯೋದ ಕೆಳಗೆ ಪ್ರಪಂಚದ ನಾನಾ ಲಿಪಿಗಳ ನಡುವೆ ನಮ್ಮ ಕನ್ನಡವೂ ಇತ್ತು: 'ಇರ್ಲಿ ಬಿಡ್ರಿ ಕಾಕಾ, ನಾಳಿ ಹೋಗತೈತಿ.' 'ಚಿಂತಿ ಮಾಡಬ್ಯಾಡ್ರಿ, ನಾವೂ ಪಿಯುಸಿ ಮೂರ ಸಲಾ ತಪ್ಪೇವಿ.' ವಿಚಿತ್ರವೆಂದರೆ ಗೋಲು ಹೊಡೆದ ದಿನ ಯಾರೂ ಏನನ್ನೂ ಬರೆಯುತ್ತಿರಲಿಲ್ಲ. ತಪ್ಪಿದ ದಿನ ಮಾತ್ರ ಸಮಾಧಾನದ ಮಹಾಪೂರ. ಇಪ್ಪತ್ತೊಂಬತ್ತು ವರ್ಷ ಒಂದೂ ತಪ್ಪು ಮಾಡದ ನನಗೆ ಯಾರಾದರೂ ಒಬ್ಬರು 'ಇರ್ಲಿ ಬಿಡ್ರಿ ಸರ್' ಎಂದದ್ದುಂಟೇ?

ನನ್ನದೂ ಒಂದು ಯೂಟ್ಯೂಬ್ ಚಾನೆಲ್ ಇದೆ ಎಂಬುದು ನಿಮಗೆ ತಿಳಿದಿರಲಾರದು. ಹದಿನೇಳು ಜನರ ಹೊರತು ಯಾರಿಗೂ ತಿಳಿದಿಲ್ಲ. ವಿಭಕ್ತಿ ಪ್ರತ್ಯಯಗಳನ್ನು ಕುರಿತು ನಲವತ್ತು ನಿಮಿಷ ಮಾತನಾಡಿದ ಮೊದಲ ಪಾಠಕ್ಕೆ ಬಂದ ಪ್ರತಿಕ್ರಿಯೆ ಒಂದೇ: 'ಸರ್, ಫ್ಯಾನಿನ ಸಪ್ಪಳ ಭಾಳ ಐತಿ.' ಎರಡನೆಯ ಪಾಠವನ್ನು ಫ್ಯಾನ್ ಆರಿಸಿ ಮಾಡಿದೆ. ಬೆವರಿನಲ್ಲಿ ಕನ್ನಡಕ ಜಾರಿತು, ಪಾಠ ಜಾರಲಿಲ್ಲ. ಆದರೂ ಅದನ್ನು ಯಾರೂ ನೋಡಲಿಲ್ಲ. ಇಷ್ಟು ಮಾತನಾಡಿದ ನನಗಿಲ್ಲದ ಜನ, ಬಾಯಿಯನ್ನೇ ಬಿಡದ ಅವನಿಗೆ ಹೇಗೆ ಕೂಡಿದರು? ಇದನ್ನು ಕ್ರಮಬದ್ಧವಾಗಿ ಶೋಧಿಸಬೇಕೆಂದು ಒಂದು ನೂರು ಪುಟದ ನೋಟುಬುಕ್ಕು ತಂದೆ. 'ಕಾರಣಗಳು' ಎಂದು ಬರೆದು ಅಡಿಗೆರೆ ಎಳೆದೆ. ಅಡಿಗೆರೆಯ ಕೆಳಗೆ ಏನೂ ಹೊಳೆಯಲಿಲ್ಲ. ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ ತಿರುಗತೊಡಗಿದೆ. ಪೆನ್ನಿನ ಟೊಪ್ಪಿಗೆ ತೆಗೆಯುವುದು, ಹಾಕುವುದು. ಹೆಂಡತಿ ರೇಗಿದಳು: "ಒಂದ ಕಡೆ ಕುಂದರ್ರಿ! ತಿಗಣಿ ಕಡದವರಂಗ ಯಾಕ ಮಾಡಾಕತ್ತೀರಿ?" ನಾಲ್ಕು ಗಂಟೆಯ ಶ್ರೋತೃವನ್ನು ಕಳೆದುಕೊಂಡವನಿಗೆ ಕೂಡಲು ಜಾಗವಾದರೂ ಎಲ್ಲಿದೆ ಎಂದು ನಾನು ಕೇಳಲಿಲ್ಲ, ಕೇಳಿದರೂ ಅವಳು ಕುರ್ಚಿ ತೋರಿಸುತ್ತಿದ್ದಳು.

ಇಂಥ ಚಡಪಡಿಕೆಯ ಒಂದು ದಿನ ನಾಲ್ಕು ಗಂಟೆಗೇ ಎದುರುಮನೆಯ ಚನ್ನಬಸಪ್ಪ ಬಂದರು. ಅವರದು ಕಾಳುಕಡಿಯ ವ್ಯಾಪಾರ. ಬಾಯಿ ತುಂಬ ಮಾತು, ಕೈ ತುಂಬ ಕೆಲಸ. ಮಗಳ ಮದುವೆ ಗೊತ್ತಾಗಿತ್ತು. ಲಗ್ನಪತ್ರಿಕೆಯ ಕರಡನ್ನೂ, ಕೆಳಗೆ 'ಆಗಮನಾಭಿಲಾಷಿಗಳು' ಎಂದು ಅಚ್ಚು ಮಾಡಿಸಬೇಕಾದ ಮನೆತನದ ಹತ್ತೊಂಬತ್ತು ಹಿರಿಯ-ಕಿರಿಯರ ಹೆಸರುಗಳ ಚೀಟಿಯನ್ನೂ ನನ್ನ ಕೈಯಲ್ಲಿಟ್ಟು, "ಹೆಸರು ನೆನಪಾದಂಗ ಗೀಚೇನ್ರಿ ಸರ್. ನೀವು ಛಂದಂಗ ಜೋಡಿಸಿ ಕೊಟ್ಟಬಿಡ್ರಿ" ಎಂದರು. ಅಷ್ಟರಲ್ಲಿ ದಾರದ ಡಬ್ಬಿಯ ಬಳಿಯಿಂದ "ಅಯ್ಯ, ಮತ್ತ ತಪ್ಪಿತು!" ಎಂಬ ಉದ್ಗಾರ ಬಂತು. ಚನ್ನಬಸಪ್ಪ ಮಗಳ ಮದುವೆ ಬಿಟ್ಟು ಅತ್ತ ಓಡಿದರು. "ಏನ್ ಬಗ್ಗತಾನ್ರಿ ವೈನೀ, ಏನ್ ಬಗ್ಗತಾನ!" ಎಂದು ಇಬ್ಬರೂ ಕೂಡಿ ಮರುಗತೊಡಗಿದರು. ನನಗೆ ಮೈಯೆಲ್ಲ ಉರಿಯಿತು. ಒಂದು ಕಣ್ಣು ಆ ಕಡೆಗೆ, ಒಂದು ಕಣ್ಣು ಚೀಟಿಯ ಕಡೆಗೆ ಇಟ್ಟಿದ್ದೆ; ಕೈ ತನ್ನ ಹಳೆಯ ರೂಢಿಯಂತೆ ಕೆಲಸ ಮಾಡಿತು. ಇಪ್ಪತ್ತೊಂಬತ್ತು ವರ್ಷ ಹಾಜರಿ ಪುಸ್ತಕ ಬರೆದ ಕೈ ಅದು. ಹತ್ತೊಂಬತ್ತು ಹೆಸರುಗಳನ್ನೂ ಅದು ಅಕಾರಾದಿಯಾಗಿ ಜೋಡಿಸಿತು. ಅಶೋಕ, ಈರಣ್ಣ, ಗಂಗಾಧರ ಎಂದು ಶುರುವಾಗಿ, ವೀರಭದ್ರಪ್ಪ ಎಂಬಲ್ಲಿ ಹದಿನೇಳನ್ನು ಮುಟ್ಟಿ, ಶಿವಾನಂದ, ಸಂಗಪ್ಪ ಎಂದು ಮುಗಿಯಿತು. ಒಂದು ಕಾಗುಣಿತವೂ ತಪ್ಪಿರಲಿಲ್ಲ. ಚನ್ನಬಸಪ್ಪ ಓದದೆಯೇ ಮಡಚಿ ಕಿಸೆಗೆ ಹಾಕಿಕೊಂಡು ಪ್ರೆಸ್ಸಿಗೆ ಹೋದರು. ಸರ್ ನೋಡಿದ್ದರಲ್ಲ!

ಅಚ್ಚಾಗಿ ಬಂದ ಪತ್ರಿಕೆಗಳಲ್ಲಿ ಮೊದಲನೆಯದನ್ನು, ಮೂಲೆಗಳಿಗೆ ಅರಿಶಿನ ಹಚ್ಚಿ, ಮನೆದೇವರ ಮುಂದಿಡುತ್ತಾರೆ. ಎರಡನೆಯದು ಮನೆತನದ ಹಿರಿಯರ ಕೈಗೆ. ಆ ಹಿರಿಯರು ಹುಬ್ಬಳ್ಳಿಯ ಕಮರಿಪೇಟೆಯಲ್ಲಿದ್ದ, ಚನ್ನಬಸಪ್ಪನವರ ದೊಡ್ಡಪ್ಪ, ಎಂಬತ್ತನಾಲ್ಕು ವರ್ಷದ ವೀರಭದ್ರಪ್ಪಜ್ಜ. ಅಜ್ಜ ಕನ್ನಡಕ ಏರಿಸಿ ತಮ್ಮ ಹೆಸರಿಗಾಗಿ ಮೇಲಿನ ಸಾಲು ನೋಡಿದರು. ಅಲ್ಲಿ ಇಪ್ಪತ್ತೆರಡು ವರ್ಷದ ಅಶೋಕನಿದ್ದ. ಮೊಮ್ಮಗನ ಸಾಲಿನವನು. ಬೆರಳಿಟ್ಟು ಒಂದೊಂದಾಗಿ ಕೆಳಗಿಳಿಯುತ್ತ ಇಳಿಯುತ್ತ ಅಜ್ಜ ಕೊನೆಗೆ ಹದಿನೇಳನೆಯ ಮೆಟ್ಟಿಲಲ್ಲಿ ತಮ್ಮನ್ನು ತಾವು ಕಂಡರು. ಪತ್ರಿಕೆಯನ್ನು ಮಡಚಿ ಚನ್ನಬಸಪ್ಪನವರ ಕೈಗೆ ತಿರುಗಿ ಕೊಟ್ಟು, "ಅಶೋಕಪ್ಪನವರ ಕಡಿಂದನ ಅಕ್ಕಿಕಾಳ ಹಾಕಿಸ್ರಿ. ನಾ ಬರೂದಿಲ್ಲ" ಎಂದರಂತೆ. ಅಜ್ಜನ ಕೈಯ ಅಕ್ಕಿಕಾಳು ಮೊದಲು ಬೀಳದೆ ಆ ಮನೆತನದಲ್ಲಿ ಈವರೆಗೆ ಒಂದು ಮದುವೆಯೂ ಆಗಿಲ್ಲ. ಅಜ್ಜ ಬರುವುದಿಲ್ಲವೆಂದರೆ ಅರ್ಧ ಮನೆತನ ಬರುವುದಿಲ್ಲ.

ಚನ್ನಬಸಪ್ಪ ನನ್ನ ಮುಂದೆ ಕೂತು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಮಗಳು ಎರಡ ದಿನಾತು ಸರ್, ಊಟಾನ ಸರಿ ಮಾಡವಲ್ಲಳು" ಎಂದರು. ನಾನು ಏನು ಹೇಳಿದೆನೆಂಬುದನ್ನು ನಾಚಿಕೆಯಿಂದ ಇಲ್ಲಿ ದಾಖಲಿಸುತ್ತೇನೆ. ಅಕಾರಾದಿ ಕ್ರಮಕ್ಕಿಂತ ನ್ಯಾಯಸಮ್ಮತವಾದ ಕ್ರಮ ಬೇರೊಂದಿಲ್ಲವೆಂದೂ, ಅದರಲ್ಲಿ ಹಿರಿಯ ಕಿರಿಯರೆಂಬ ಭೇದವಿಲ್ಲದುದರಿಂದ ಯಾರಿಗೂ ಅವಮಾನದ ಪ್ರಶ್ನೆಯೇ ಉದ್ಭವಿಸದೆಂದೂ ಹೇಳಿದೆ. ಅಷ್ಟಕ್ಕೇ ಬಿಡದೆ ಅದನ್ನೇ ಎರಡು ಪುಟದ ಪತ್ರವಾಗಿ, ವಿಷಯ, ಉಲ್ಲೇಖ, ಸಮರ್ಥನೆ ಎಂಬ ಉಪಶೀರ್ಷಿಕೆಗಳೊಂದಿಗೆ ಬರೆದು ಅಜ್ಜನಿಗೆ ಕಳಿಸಿದೆ. ಉತ್ತರ ಚನ್ನಬಸಪ್ಪನವರ ಬಾಯಿಯಿಂದ ಬಂತು: "ಅಜ್ಜಾ ಕೇಳಿದ್ರು ಸರ್, 'ಅಂವಾ ಮಾಸ್ತರ ನನ್ನ ಕೆಳಗ ಕುಂದರಿಸಿದ್ದೂ ಅಲ್ದ ಮ್ಯಾಲ ಪಾಠಾ ಬ್ಯಾರೆ ಹೇಳಾಕತ್ತಾನೇನು?' ಅಂತ." ಮೊದಲು ಮದುವೆಗಷ್ಟೇ ಬರುವುದಿಲ್ಲವೆಂದಿದ್ದ ಅಜ್ಜ, ನನ್ನ ಪತ್ರ ಓದಿದ ಮೇಲೆ ಚನ್ನಬಸಪ್ಪನವರ ಮನೆಯ ಹೊಸ್ತಿಲನ್ನೇ ತುಳಿಯುವುದಿಲ್ಲವೆಂದರಂತೆ.

ಅಂದು ಮಧ್ಯಾಹ್ನ ಶಕುಂತಲಾ ಸೀರೆಯಿಂದ ತಲೆಯೆತ್ತದೆ ಕೇಳಿದಳು: "ಅಲ್ರೀ, ಆ ಜಪಾನ್ ಕಾಕಾ ಗೋಲ್ ತಪ್ಪಿದ ದಿನಾ ಎರಡ ಪಾನ ಕಾಗದಾ ಬರೀತಾನೇನ್ರಿ? ಗಾಳಿ ಹಿಂಗ ಬೀಸಿತ್ತು, ಚೆಂಡು ಹಂಗ ಇತ್ತು ಅಂತ?"

"ಅವನಿಗೆ ಬರೆಯಲು ಬರುವುದಿಲ್ಲವೇನೋ" ಎಂದೆ.

"ನಿಮಗ ಬಗ್ಗಾಕ ಬರೂದಿಲ್ಲ" ಎಂದಳು. ದಾರ ಕಚ್ಚಿ ಕಡಿದಳು.

ನೋಟುಬುಕ್ಕಿನಲ್ಲಿ 'ಕಾರಣಗಳು' ಎಂಬುದರ ಅಡಿಗೆರೆಯ ಕೆಳಗೆ ಇಷ್ಟು ದಿನ ಖಾಲಿ ಉಳಿದಿದ್ದ ಜಾಗ ನನ್ನನ್ನೇ ನೋಡುತ್ತಿತ್ತು. ನಾನು ಕೋಣೆಗೆ ಹೋಗಿ ಕಪಾಟಿನ ಕನ್ನಡಿಯ ಮುಂದೆ ನಿಂತೆ. ಬಾಗಿ ನೋಡಿದೆ. ಕರಿಹಲಗೆಯ ಮುಂದೆ ಇಪ್ಪತ್ತೊಂಬತ್ತು ವರ್ಷ ನೆಟ್ಟಗೆ ನಿಂತ ಬೆನ್ನು. ಬಾಗುವುದೆಂದರೆ ಅದಕ್ಕೆ ಪಠ್ಯಕ್ರಮದ ಹೊರಗಿನ ವಿಷಯ. ಮೊದಲ ಯತ್ನದಲ್ಲಿ ಕುತ್ತಿಗೆ ಮಾತ್ರ ಬಾಗಿತು. ಎರಡನೆಯದರಲ್ಲಿ ಭುಜ. ಮೂರನೆಯದರಲ್ಲಿ ಸೊಂಟ 'ಕಟ್' ಎಂದಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ನಾಳಿ ಬರತೈತಿ, ಇರ್ಲಿ ಬಿಡ್ರಿ" ಎಂದು ಹೋದಳು.

ಮರುದಿನ ಬೆಳಿಗ್ಗೆ ಚನ್ನಬಸಪ್ಪನವರೊಂದಿಗೆ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೊರಟೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿದೆ. ನವನಗರ ದಾಟುವಾಗ ಅದು ಹನ್ನೆರಡು ವಾಕ್ಯಗಳಾಗಿತ್ತು. ಹುಬ್ಬಳ್ಳಿ ತಲುಪುವಷ್ಟರಲ್ಲಿ ಪೀಠಿಕೆಯೇ ಹನ್ನೆರಡಾಯಿತು. ಚನ್ನಬಸಪ್ಪ ನನ್ನ ತುಟಿಗಳು ಅಲುಗುವುದನ್ನು ನೋಡಿ ಗಾಬರಿಯಾಗಿ, "ಸರ್, ಕೈ ಮುಗೀತೇನಿ, ಅಲ್ಲಿ ಏನೂ ಮಾತಾಡಬ್ಯಾಡ್ರಿ" ಎಂದರು.

ಕಮರಿಪೇಟೆಯ ಆ ಹಳೆಯ ಮನೆಯ ಪಡಸಾಲೆಯಲ್ಲಿ ಅಜ್ಜ ಹಣೆತುಂಬ ವಿಭೂತಿ ಧರಿಸಿ, ಕೈಯಳತೆಯ ದೂರದಲ್ಲಿ ಮೊಬೈಲು ಹಿಡಿದು ಕೂತಿದ್ದರು. ಅದರಲ್ಲಿ ಯಾರಿದ್ದರೆಂದು ಹೇಳಬೇಕಾಗಿಲ್ಲ. ಅಜ್ಜ ನನ್ನನ್ನು ನೋಡಲಿಲ್ಲ, ಸೊಸೆಗೆ, "ನೋಡು ಯವ್ವಾ, ನಿನ್ನಿದು ಮತ್ತೊಮ್ಮೆ ಹಚ್ಚಿಕೊಡು. ಛಂದ ಬಗ್ಗ್ಯಾನ" ಎನ್ನುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಅವರೆದುರು ನಿಂತೆ. ಹನ್ನೆರಡು ವಾಕ್ಯಗಳಲ್ಲಿ ಒಂದೂ ನೆನಪಾಗಲಿಲ್ಲ. ಹೇಗೂ ಮನುಷ್ಯ ದೊಡ್ಡವರು, ಹೇಗೂ ತಪ್ಪು ನನ್ನದು. ಎರಡನೆಯದು ಮನಸ್ಸಿಗೆ ಬಂದ ಕ್ಷಣದಲ್ಲಿ ಬೆನ್ನು ತಾನೇ ಬಾಗಿತು. ಕುತ್ತಿಗೆ, ಭುಜ, ಸೊಂಟ, ಎಲ್ಲವೂ ಕ್ರಮವಾಗಿ. ಅಷ್ಟರಲ್ಲಿ ಸೊಂಟದ ಎಡಗಡೆಯಲ್ಲಿ ಒಂದು ಮಿಂಚು ಹೊಡೆಯಿತು. ನಾನು ಅಲ್ಲಿಯೇ ಸಿಕ್ಕಿಬಿದ್ದೆ. ಏಳಲು ಆಗಲಿಲ್ಲ. ಬಾಯಿ ತೆರೆದರೆ ಕಿರುಚುತ್ತೇನೆಂದು ಹಲ್ಲು ಕಚ್ಚಿ ನಿಂತೆ.

"ಆತ್ರಿ ಮಾಸ್ತರ, ಏಳ್ರಿ" ಎಂದರು ಅಜ್ಜ, ಬಿಗುವಿನಿಂದಲೇ.

ನಾನು ಏಳಲಿಲ್ಲ.

ಅಜ್ಜ ಮನಸ್ಸಿನಲ್ಲಿ ಎಣಿಸುತ್ತಿದ್ದರೆಂದು ತೋರುತ್ತದೆ. "ಜಪಾನಿನಂವಾ ಐದಕ್ಕ ಏಳತಾನ. ನೀವು ಹದಿನೈದು ದಾಟಿದ್ರಿ. ಏಳ್ರಿ, ಮಾಫ್ ಮಾಡೇನಿ."

ನೆಲದ ಕಡಪಾ ಕಲ್ಲಿನ ಮೇಲೆ ನನ್ನ ಬೆವರು ತೊಟ್ಟಿಕ್ಕಿತು. ಅಜ್ಜ ಅದನ್ನು ಕಣ್ಣೀರೆಂದು ತಿಳಿದರು. "ಅಯ್ಯೋ ಶಿವನ, ಅಳಾಕತ್ತಾರ! ಏಳ್ರೀ ಸರ್, ಮದಿವಿಗಿ ಬರ್ತೇನಿ. ಖರೇನ ಬರ್ತೇನಿ."

ಚನ್ನಬಸಪ್ಪ ನನ್ನ ಕಿವಿಯ ಹತ್ತಿರ ಬಗ್ಗಿ, ಮಾಲಿನ ದರ ಕುದುರಿಸುವ ದನಿಯಲ್ಲಿ ಪಿಸುಗುಟ್ಟಿದರು: "ಸರ್, ಇನ್ನೊಂದ ಸ್ವಲ್ಪ ಹಂಗ ಇರ್ರಿ."

"ನಾಕ ದಿನಾ ಮೊದಲ ಬಂದು ಇರ್ತೇನಿ! ಆ ಅಶೋಕನ್ನ ಕೂಡ ಬಾಜೂಕ ಕುಂದರಿಸಿಕೊಂಡು ಉಣ್ತೇನಿ! ಇನ್ನೇನ ಮಾಡ್ಲ್ಯೋ ಮಾರಾಯಾ, ಏಳು!" ಎಂದು ಅಜ್ಜ ತಾವೇ ಎದ್ದು ಬಂದು ನನ್ನ ರಟ್ಟೆ ಹಿಡಿದರು. ಸೊಸೆ ಇನ್ನೊಂದು ರಟ್ಟೆ ಹಿಡಿಯಬಹುದಿತ್ತು. ಅವಳ ಕೈಯಲ್ಲಿ ಮೊಬೈಲಿತ್ತು, ಅದು ನನ್ನ ಕಡೆಗೆ ತಿರುಗಿತ್ತು. ನನ್ನನ್ನು ಕಂಬಕ್ಕೆ ಆನಿಸಿ ನಿಲ್ಲಿಸಿದಾಗ ಅಜ್ಜನ ಕಣ್ಣು ತುಂಬಿದ್ದವು. ನನ್ನವೂ ತುಂಬಿದ್ದವು, ಕಾರಣಗಳು ಬೇರೆ.

ಮದುವೆ ಸಾಂಗವಾಗಿ ಆಯಿತು. ಅಜ್ಜನ ಕೈಯ ಅಕ್ಕಿಕಾಳು ಮೊದಲು ಬಿದ್ದಿತು. ನಾನು ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದುಕೊಂಡು ನೆಟ್ಟಗೆ ನಿಂತಿದ್ದೆ. ಹಳೆಯ ಶಿಷ್ಯರು ಆ ನಿಲುವನ್ನು ಕಂಡು ಇನ್ನೂ ಅದೇ ಶಿಸ್ತು ಎಂದು ದೂರದಿಂದಲೇ ನಮಸ್ಕರಿಸಿದರು. ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಜ್ಜನ ಸೊಸೆ ಆ ದಿನದ ವಿಡಿಯೋವನ್ನು 'ನಮ್ಮ ಧಾರವಾಡದ ಜಪಾನ್ ಕಾಕಾ' ಎಂದು ಹೆಸರಿಟ್ಟು ಲೋಕಕ್ಕೆ ಬಿಟ್ಟಿದ್ದಳು. ನನ್ನ ವಿಭಕ್ತಿ ಪ್ರತ್ಯಯಗಳನ್ನು ನೋಡದ ಧಾರವಾಡ ನನ್ನ ಬೆನ್ನನ್ನು ನೋಡಿತು. 'ಗುರುಗಳು ಅಂದ್ರ ಹಿಂಗಿರಬೇಕು', 'ಇರ್ಲಿ ಬಿಡ್ರಿ ಸರ್' ಎಂದು ಸಾಲುಸಾಲು. ಬಾಳಿನಲ್ಲಿ ಮೊದಲ ಸಲ! ನಾನು ಒಂದೊಂದನ್ನೂ ಎರಡೆರಡು ಸಲ ಓದುತ್ತ ಕೆಳಗಿಳಿದೆ. ಹದಿನೇಳನೆಯದೋ ಹದಿನೆಂಟನೆಯದೋ ಹೀಗಿತ್ತು: 'ಸರ್ ಬೆನ್ನು ಹಿಡದೈತಿ. ನಮ್ಮ ಫ್ಯಾಕ್ಟರ್ಯಾಗ ಕಬ್ಬಣ ಎತ್ತೂವಾಗ ದಿನಾ ನೋಡ್ತೇವಿ. ಪಾಪ, ಯಾರರ ಎಬಸ್ರಿ. ಮೈಲಾರಿ, ಲಕಮನಹಳ್ಳಿ.'

ಇಡೀ ಜಗತ್ತಿನಲ್ಲಿ ಸತ್ಯವನ್ನು ಕಂಡವನು ಅವನೊಬ್ಬ. ಅಜ್ಜ ಅದನ್ನು ಓದಿದರೆ? ಎರಡು ದಿನ ನಾನು ಮೊಬೈಲು ಕೆಳಗಿಡಲಿಲ್ಲ. ಆ ಸಾಲನ್ನು ಅಳಿಸುವುದು ಹೇಗೆಂದು ಹೆಂಡತಿಯನ್ನು ಕೇಳಿದೆ. "ಕೆಂಪು ಪೆನ್ನ ಹಚ್ಚಿ ನೋಡ್ರಿ" ಎಂದಳು. ಮೂರನೆಯ ದಿನ ಅಜ್ಜನ ಫೋನೇ ಬಂತು.

"ಮಾಸ್ತರ, ಬೆನ್ನು ಹಿಡದಿತ್ತಂತಲ್ಲ?"

ಸಮರ್ಥನೆಯ ಎರಡು ಪುಟ ಗಂಟಲಿನವರೆಗೆ ಬಂದವು. ನುಂಗಿಕೊಂಡೆ. "ಹೌದ್ರಿ ಅಜ್ಜಾರ. ಬಗ್ಗಿದ್ದು ನಾನಽ. ಏಳದಽ ಇದ್ದದ್ದು ಬೆನ್ನು."

ಆ ಕಡೆ ಅಜ್ಜ ನಕ್ಕರು. ಎಂಬತ್ತನಾಲ್ಕು ವರ್ಷದ ನಗು, ನಡುವೆ ಕೆಮ್ಮಿತು, ಮತ್ತೆ ನಕ್ಕಿತು. "ಬಗ್ಗಿದ್ದಷ್ಟ ಸಾಕು ನನಗ. ಬೆನ್ನಿಗೆ ಬಿಸಿ ಉಪ್ಪಿನ ಶಾಖಾ ಕೊಡ್ರಿ" ಎಂದರು.

ನನ್ನ ತಪ್ಪು ಅಲ್ಲಿಗೆ ತೀರಿತೆಂದು ನಿರಾಳವಾಗಿ ಕುರ್ಚಿಗೆ ಒರಗಿದೆ. ಶಕುಂತಲಾ ಬೆನ್ನಿಗೆ ಉಪ್ಪಿನ ಗಂಟು ಒತ್ತುತ್ತ, "ಆ ಮೈಲಾರಿ ಅಂದ್ರ ಅಂವನ ಅಲ್ರೀ? ಒಂದ ಮಾರ್ಕಿನಂವಾ?" ಎಂದಳು. ಅವನೇ. ಉತ್ತರ ಸರಿಯಾಗಿದ್ದೂ ಕ್ರಮ ತಪ್ಪಿದ್ದಕ್ಕೆ ಒಂದು ವರ್ಷ ಕಳೆದುಕೊಂಡವನು. ಮೊನ್ನೆಯ ನನ್ನ ಪರೀಕ್ಷೆಯಲ್ಲಿ ಸರಿಯಾದ ಉತ್ತರ ಬರೆದವನೂ ಅವನೊಬ್ಬನೇ. ಅದರ ಮೇಲೆ 'ಪಾಪ' ಎಂದು ಬೇರೆ ಬರೆದಿದ್ದ. ಲಕಮನಹಳ್ಳಿ ನಮ್ಮ ಮನೆಯಿಂದ ದೂರವೇನಲ್ಲ. ಆದರೆ ಒಂದು ತಿಂಗಳು ಸುತರಾಂ ಬಾಗಬಾರದೆಂದು ವೈದ್ಯರು ಹೇಳಿದ್ದಾರೆ. ಇನ್ನೂ ಹನ್ನೊಂದು ದಿನ ಉಳಿದಿವೆ. ವೈದ್ಯರ ಸಲಹೆಯನ್ನು ನಾನು ಇಷ್ಟು ನಿಷ್ಠೆಯಿಂದ ಹಿಂದೆಂದೂ ಪಾಲಿಸಿದವನಲ್ಲ. ಹಾಗೆಂದು ಹೆಂಡತಿಗೆ ವಿವರಿಸಿದೆ.

"ತಪ್ಪಾತು ಅನ್ನಾಕ ಬೆನ್ನ್ಯಾಕ ಬೇಕ್ರಿ? ಬಾಯಿ ಇದ್ರ ಸಾಕಲ್ಲ" ಎಂದಳು.

ಗಡಿಯಾರ ನಾಲ್ಕು ತೋರಿಸುತ್ತಿತ್ತು. ನಾನು ಕೈಯೆತ್ತಿ ದಾರದ ಡಬ್ಬಿಯ ಕಡೆಗೆ ಸನ್ನೆ ಮಾಡಿದೆ.

"ತಡಿ, ಜಪಾನ್ ಕಾಕಾ ಬರೂ ಹೊತ್ತಾತು."